ಲಿವರ್ ಕಾಯಿಲೆಯವರ ಮಂಕು ಪತ್ತೆ ಹಚ್ಚುವ ಆ್ಯಪ್ ಮಾಡುವುದು ಹೇಗೆ

ಫೈನಲ್ ಇಯರ್ ಪ್ರಾಜೆಕ್ಟಿನ ಹೊತ್ತಿಗೆ ಮೈಸೂರು, ಮಂಡ್ಯದ ಇಂಜಿನಿಯರಿಂಗ್ ಹುಡುಗ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಲಿವರ್ ರೋಗಿಗಳನ್ನು ಎದುರಿಗೆ ಕೂರಿಸಿಕೊಂಡು ಪೇಪರು, ಪೆನ್ಸಿಲು, ಸ್ಟಾಪ್‌ವಾಚ್ ಹಿಡಿದು ಅವರ ಗಮನ, ಚುರುಕು ಅಳೆಯುವುದು ನನ್ನ ಕೆಲಸದಲ್ಲಿ ಒಂದು. "ಮೇಡಂ, ಇದನ್ನೆಲ್ಲ ಆ್ಯಪ್ ಮಾಡಿಬಿಡ್ತೀವಿ, ಎಐ ಹಾಕ್ತೀವಿ" ಎನ್ನುತ್ತಾರೆ. ಮಾಡಿ, ಸಂತೋಷ. ಎಐ ಆಮೇಲೆ ನೋಡೋಣ. ಬಂದ ತಂಡಕ್ಕೆಲ್ಲ ಹೇಳಿದ್ದನ್ನೇ ಹೇಳುವುದಕ್ಕಿಂತ ಬರೆದಿಡುವುದೇ ವಾಸಿ ಎಂದು ಕೂತಿದ್ದೇನೆ.

ಮೊದಲು ಕಾಯಿಲೆಯನ್ನು ತಿಳಿದುಕೊಳ್ಳಿ, ಲ್ಯಾಪ್‌ಟಾಪ್ ಆಮೇಲೆ ತೆಗೆಯಿರಿ. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಯೂರಿಯಾ ಮಾಡಿ ಸಾಗಹಾಕುವುದು ಲಿವರ್ ಕೆಲಸ. ಸಿರೋಸಿಸ್ ಆಗಿ ಲಿವರ್ ಗಂಟುಗಟ್ಟಿದರೆ ಆ ಕೆಲಸ ಕುಂಟುತ್ತದೆ. ಜೊತೆಗೆ ಕರುಳಿಂದ ಬಂದ ರಕ್ತದಲ್ಲಿ ಒಂದಷ್ಟು, ಲಿವರ್ ಒಳಗೆ ಹೋಗದೆ ಪಕ್ಕದ ದಾರಿ ಹಿಡಿದು ನೇರ ಮೇಲಕ್ಕೆ ಹೋಗುತ್ತದೆ. ಮೆದುಳಿನ ಆಸ್ಟ್ರೋಸೈಟ್ ಕೋಶಗಳು ಆ ಅಮೋನಿಯಾವನ್ನು ಗ್ಲುಟಮೈನ್ ಆಗಿ ಮಾಡಿಕೊಂಡು ಊದಿಕೊಳ್ಳುತ್ತವೆ. ಇದಕ್ಕೆ ಹೆಪಾಟಿಕ್ ಎನ್ಸೆಫಲೋಪತಿ ಎಂದು ಹೆಸರು. ತೀವ್ರತೆಯನ್ನು ವೆಸ್ಟ್ ಹೇವನ್ ದರ್ಜೆಗಳಲ್ಲಿ ಹೇಳುತ್ತಾರೆ. ಎರಡನೇ ದರ್ಜೆಗೆ ಬಂದವರಿಗೆ ಇವತ್ತು ಯಾವ ವಾರ ಎಂಬುದೇ ತಿಳಿಯುವುದಿಲ್ಲ, ಕೈ ಚಾಚಿಸಿದರೆ ಮಣಿಕಟ್ಟು ಬಡಿದುಕೊಳ್ಳುತ್ತದೆ, ನಾಲ್ಕನೆಯದು ಕೋಮಾ. ಇವರನ್ನು ಕಂಡುಹಿಡಿಯಲು ಆ್ಯಪ್ ಬೇಕಿಲ್ಲ, ಬಾಗಿಲಲ್ಲಿ ನಿಂತ ನರ್ಸಮ್ಮ ಹೇಳುತ್ತಾರೆ.

ನಿಮ್ಮ ಆ್ಯಪ್ ಬೇಕಾಗುವುದು ಅದಕ್ಕೂ ಮುಂಚಿನ ಹಂತಕ್ಕೆ. ಮಿನಿಮಲ್ (ಪರೀಕ್ಷೆಯಲ್ಲಿ ಮಾತ್ರ ಕಾಣುವಂಥದ್ದು) ಮತ್ತು ಒಂದನೇ ದರ್ಜೆ ಎರಡನ್ನೂ ಸೇರಿಸಿ ಕವರ್ಟ್, ಅಂದರೆ ಮರೆಯಲ್ಲಿರುವುದು, ಎನ್ನುತ್ತಾರೆ. ಇಲ್ಲಿ ಮನುಷ್ಯ ಮಾತಾಡುತ್ತಾನೆ, ನಗುತ್ತಾನೆ, ಡಾಕ್ಟರ ಮುಂದೆ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಡುತ್ತಾನೆ. ಮನೆಯವರನ್ನು ಕೇಳಿದರೆ ಬೇರೆ ಕಥೆ. "ಡೈರಿ ಲೆಕ್ಕ ಕೂಡೋಕೆ ಮೂರು ಸಲ ಎಣಿಸ್ತಾರೆ", "ಹಗಲೆಲ್ಲ ತೂಕಡಿಸ್ತಾರೆ, ರಾತ್ರಿ ಎದ್ದು ಓಡಾಡ್ತಾರೆ", "ಬೈಕಲ್ಲಿ ಹಿಂದೆ ಕೂರೋಕೆ ಭಯ ಆಯ್ತದೆ ಮೇಡಂ". ಈ ಹಂತದಲ್ಲಿ ಸಿಕ್ಕರೆ ಲ್ಯಾಕ್ಟುಲೋಸ್ ಸಿರಪ್ಪಿನಂಥ ಔಷಧದಿಂದ ಸುಧಾರಿಸುವವರು ಬಹಳ. ಸಿಗದಿದ್ದರೆ ಒಂದು ಮಲಬದ್ಧತೆಯೋ ಸೋಂಕೋ ರಕ್ತಸ್ರಾವವೋ ಬಂದ ದಿನ ಸೀದಾ ಮೂರನೇ ದರ್ಜೆಗೆ ಜಾರಿ ಆಂಬುಲೆನ್ಸಿನಲ್ಲಿ ಬರುತ್ತಾರೆ.

ಸಿರೋಸಿಸ್ ಇರುವವರಲ್ಲಿ ಎಷ್ಟು ಮಂದಿಗೆ ಈ ಮರೆಯ ಮಂಕು ಇದೆ? ಯುರೋಪು, ಅಮೆರಿಕದ ಲಿವರ್ ಸಂಘಗಳು 2014ರಲ್ಲಿ ಸೇರಿ ಹೊರಡಿಸಿದ ಮಾರ್ಗಸೂಚಿ 20ರಿಂದ 80 ಪರ್ಸೆಂಟ್ ಎನ್ನುತ್ತದೆ. ಈ ಅಂಕಿಯನ್ನು ನಿಮ್ಮ ಪ್ರಾಜೆಕ್ಟ್ ರಿಪೋರ್ಟಿನ ಮೊದಲ ಪುಟಕ್ಕೆ ಹಾಕಿ ಮುಂದೆ ಹೋಗಬೇಡಿ, ಸ್ವಲ್ಪ ನಿಂತು ನೋಡಿ. ಕಾಯಿಲೆ ಎಷ್ಟು ಮುಂದುವರಿದಿದೆ ಎಂಬುದು ಅಂತರಕ್ಕೆ ಒಂದು ಕಾರಣ. ಯಾವ ಪರೀಕ್ಷೆ, ಯಾರ ಮೇಲೆ, ಯಾವ ಗಡಿ ಇಟ್ಟುಕೊಂಡು ಎಂಬುದು ಇನ್ನೊಂದು. ಎರಡನೆಯದು ನಿಮ್ಮ ಕೈಯಲ್ಲಿದೆ. ಅಮೋನಿಯಾದಿಂದ ಬಂದ ನಿಧಾನವನ್ನು ಮಾತ್ರ ಆ್ಯಪ್ ಅಳೆಯಬೇಕು. ಕಣ್ಣಿನ ಪೊರೆ, ಮೂರನೇ ಕ್ಲಾಸಿಗೇ ಬಿಟ್ಟ ಶಾಲೆ, ಜೀವನದಲ್ಲಿ ಮೊದಲ ಸಲ ಮುಟ್ಟಿದ ಟಚ್‌ಸ್ಕ್ರೀನ್ ಇವುಗಳಿಂದ ಬಂದ ನಿಧಾನವನ್ನೂ ಅದರ ಲೆಕ್ಕಕ್ಕೆ ಹಾಕಿದರೆ ಕೆ.ಆರ್. ಪೇಟೆಯ ಅರ್ಧ ಹಿರಿಯರಿಗೆ ಲಿವರ್ ಕಾಯಿಲೆ ಎಂದು ನಿಮ್ಮ ಆ್ಯಪ್ ಸಾರುತ್ತದೆ.

ಯಾವ ಪರೀಕ್ಷೆ ಹಾಕುವುದು

ಹೊಸ ಆಟ ಕಂಡುಹಿಡಿಯುವ ಆಸೆ ಬಿಡಿ. ಇರುವುದನ್ನೇ ಸರಿಯಾಗಿ ಕೂರಿಸಿ.

ಪೇಪರ್ ಪರೀಕ್ಷೆಗಳಲ್ಲಿ ಹಳೆಯ ಅಳತೆಗೋಲು ಜರ್ಮನಿಯಲ್ಲಿ ರೂಪುಗೊಂಡ ಪಿಎಚ್‌ಇಎಸ್ (ಸೈಕೋಮೆಟ್ರಿಕ್ ಹೆಪಾಟಿಕ್ ಎನ್ಸೆಫಲೋಪತಿ ಸ್ಕೋರ್). ಐದು ಭಾಗ: ಚದುರಿದ 1ರಿಂದ 25ನ್ನು ಕ್ರಮವಾಗಿ ಗೆರೆ ಎಳೆದು ಜೋಡಿಸುವುದು, ಅಂಕಿ ಅಕ್ಷರ ಬದಲಿಸಿ ಬದಲಿಸಿ ಜೋಡಿಸುವುದು, ಅಂಕಿಗೆ ತಕ್ಕ ಗುರುತು ಬರೆಯುವುದು, ವೃತ್ತಗಳಲ್ಲಿ ಚುಕ್ಕಿ ಇಡುವುದು, ಎರಡು ಗೆರೆ ನಡುವೆ ಮುಟ್ಟದಂತೆ ಗೆರೆ ಎಳೆಯುವುದು. ಕೊನೆಯದರಲ್ಲಿ ಸಮಯ, ತಪ್ಪು ಎರಡನ್ನೂ ಎಣಿಸುವುದರಿಂದ ಒಟ್ಟು ಆರು ಅಳತೆ. ಆರರ ಅಂಕವನ್ನೂ ಕೂಡಿದ ಮೊತ್ತ +6ರಿಂದ -18ರವರೆಗೆ. ಇದನ್ನು ಹಾಗೆಯೇ ಫೋನಿಗೆ ಇಳಿಸಬೇಡಿ, ಆರು ಇಂಚಿನ ಪರದೆಯಲ್ಲಿ 25 ವೃತ್ತ ಕೂರಿಸಿದರೆ ಬೆರಳೇ ಅರ್ಧ ಮುಚ್ಚುತ್ತದೆ. ಆದರೆ ನಿಮ್ಮ ಆ್ಯಪ್ ಸರಿ ಹೇಳುತ್ತಿದೆಯೇ ಎಂದು ತಾಳೆ ನೋಡಲು ಇದು ಬೇಕೇ ಬೇಕು.

ಫೋನಿಗೆ ಹೇಳಿ ಮಾಡಿಸಿದ್ದು ಸ್ಟ್ರೂಪ್. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ತೋರಿಸಿದ ವಿಷಯ ಇದು: "ಕೆಂಪು" ಎಂಬ ಪದವನ್ನು ಹಸಿರು ಬಣ್ಣದಲ್ಲಿ ಬರೆದು ಬಣ್ಣ ಯಾವುದು ಎಂದರೆ ನಾವು ತಡವರಿಸುತ್ತೇವೆ, ಯಾಕೆಂದರೆ ಓದು ತಾನಾಗಿ ನುಗ್ಗುತ್ತದೆ. ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಜಸ್ಮೋಹನ್ ಬಜಾಜ್ ಮತ್ತು ತಂಡದವರು ಇದನ್ನು ಲಿವರ್ ರೋಗಿಗಳಿಗಾಗಿ ಎನ್ಸೆಫಲ್ಆ್ಯಪ್ ಎಂಬ ಆ್ಯಪ್ ಮಾಡಿದರು. ಎರಡು ಹಂತ. ಆಫ್ ಹಂತದಲ್ಲಿ ಬರೀ ಬಣ್ಣದ ಹ್ಯಾಶ್ ಗುರುತುಗಳು, ಆನ್ ಹಂತದಲ್ಲಿ ಬಣ್ಣಕ್ಕೆ ಹೊಂದದ ಪದಗಳು. ಒಂದು ಸುತ್ತಿಗೆ ಹತ್ತು ಗುರುತು. ನಡುವೆ ತಪ್ಪಿದರೆ ಆ ಸುತ್ತು ರದ್ದು, ಮತ್ತೆ ಮೊದಲಿಂದ. ಪ್ರತಿ ಹಂತದಲ್ಲೂ ಐದು ಸುತ್ತು ತಪ್ಪಿಲ್ಲದೆ ಮುಗಿಯಬೇಕು. ಎರಡೂ ಹಂತದ ಸಮಯ ಕೂಡಿಸಿದರೆ ಅಂಕ. 2013ರ ಮೊದಲ ವರದಿಯಲ್ಲಿ ಕವರ್ಟ್ ಎಂದು ಹೇಳುವ ಗಡಿ ಸುಮಾರು 275 ಸೆಕೆಂಡ್ ಇತ್ತು, ಮುಂದಿನ ಅಧ್ಯಯನದಲ್ಲಿ ಅದು 190 ಆಯಿತು. ಅದೇ ತಂಡ, ಅದೇ ಪರೀಕ್ಷೆ, ಗಡಿ ಮಾತ್ರ ಬೇರೆ. 190 ಎಂಬ ಅಂಕಿಯನ್ನು ಅಲ್ಲಿಂದ ತಂದು ನಿಮ್ಮ ಕೋಡಿನಲ್ಲಿ ಸ್ಥಿರಾಂಕ ಮಾಡಿ ಇಡುವವರಿದ್ದರೆ ದಯವಿಟ್ಟು ಈ ಸಾಲನ್ನು ಇನ್ನೊಮ್ಮೆ ಓದಿ.

ಮೂರನೆಯದು ಪ್ರಾಣಿ ಹೆಸರು ಹೇಳಿಸುವುದು. ಒಂದು ನಿಮಿಷ, ಬಾಯಿಗೆ ಬಂದಷ್ಟು ಪ್ರಾಣಿ. ಇಟಲಿಯ ಸಂಶೋಧಕರು 2017ರಲ್ಲಿ ವಯಸ್ಸು, ಓದು ಸರಿದೂಗಿಸಿ 10 ಮತ್ತು 15 ಹೆಸರು ಎಂಬ ಎರಡು ಗಡಿ ಕೊಟ್ಟರು. ಖರ್ಚಿಲ್ಲ, ಅಕ್ಷರ ಬೇಡ, ಪರದೆ ಮುಟ್ಟುವುದೂ ಬೇಡ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ ಎಂದು ಒಪ್ಪಿಕೊಳ್ಳುತ್ತೇನೆ.

ಓದು ಬಾರದವರಿಗೆ ನಮ್ಮ ದೇಶದಲ್ಲೇ ಒಂದು ಉಪಾಯ ಇದೆ. ಅಂಕಿಗಳ ಬದಲು ಚಿತ್ರಗಳನ್ನು ಜೋಡಿಸುವ ಫಿಗರ್ ಕನೆಕ್ಷನ್ ಪರೀಕ್ಷೆಯನ್ನು ಭಾರತದ ವೈದ್ಯರು 1990ರ ದಶಕದಲ್ಲೇ ರೂಪಿಸಿದ್ದಾರೆ. ಇದನ್ನು ಬಿಟ್ಟು ಮಾಡಿದ ಆ್ಯಪ್ ನಮ್ಮ ಜಿಲ್ಲೆಗಳಿಗೆ ಅರ್ಧ ಆ್ಯಪ್.

ಕನ್ನಡಕ್ಕೆ ತರುವುದು ಅಂದರೆ ಪದ ಬದಲಿಸುವುದಲ್ಲ

ಸ್ಟ್ರೂಪ್‌ಗೆ ಕೆಂಪು, ಹಸಿರು, ನೀಲಿ ಸಾಕು. ಆದರೆ ಅಡ್ಡಿ ಹುಟ್ಟುವುದು ಓದು ಸರಾಗವಾಗಿದ್ದವರಿಗೆ. ಅಕ್ಷರ ಅಕ್ಷರ ಕೂಡಿಸಿ ಓದುವ ಯಜಮಾನರಿಗೆ "ಕೆಂಪು" ಎಂಬ ಪದ ಅಡ್ಡ ಬರುವುದೇ ಇಲ್ಲ, ಅವರು ಬಣ್ಣ ನೋಡಿ ಒತ್ತಿ ಆರಾಮಾಗಿ ಗೆಲ್ಲುತ್ತಾರೆ. ಆನ್ ಸಮಯ ಚೆನ್ನಾಗಿದೆ ಎಂದು ಮೆದುಳು ಚುರುಕಾಗಿದೆ ಎನ್ನುವಂತಿಲ್ಲ. ಹಾಗಾಗಿ ಆರಂಭದಲ್ಲೇ ಪ್ರಜಾವಾಣಿಯಂಥ ಪತ್ರಿಕೆಯ ಎರಡು ಸಾಲು ಗಟ್ಟಿಯಾಗಿ ಓದಿಸಿ. "ಎಷ್ಟನೇ ಕ್ಲಾಸು" ಎಂದು ಕೇಳಿ ಬಿಟ್ಟರೆ ಸಾಲದು. ಏಳನೇ ಕ್ಲಾಸು ಪಾಸಾಗಿ ಮೂವತ್ತು ವರ್ಷ ಪತ್ರಿಕೆ ಮುಟ್ಟದವರೂ, ಶಾಲೆಯನ್ನೇ ಕಾಣದೆ ಬಸ್ ಬೋರ್ಡ್ ನೋಡಿ ಓದು ಕಲಿತವರೂ ನಮ್ಮಲ್ಲಿ ಇದ್ದಾರೆ. ಓದು ತೊಡಕೆನಿಸಿದರೆ ಆಫ್ ಹಂತ ಮತ್ತು ಚಿತ್ರ ಜೋಡಿಸುವುದರ ಕಡೆ ಆ್ಯಪ್ ತಾನೇ ತಿರುಗಲಿ.

ಬಣ್ಣಗುರುಡನ್ನೂ ಮೊದಲೇ ಸೋಸಿ. ಕೆಂಪು ಹಸಿರು ಗೊಂದಲ ಗಂಡಸರಲ್ಲಿ ಅಪರೂಪವೇನಲ್ಲ. ಲಿವರ್ ವಾರ್ಡಿನಲ್ಲಿ ಗಂಡಸರೇ ಹೆಚ್ಚು ಎಂಬುದೂ ಗೊತ್ತಿರಲಿ.

ಅಂಕಿ ಅಕ್ಷರ ಬದಲಿಸಿ ಜೋಡಿಸುವ ಪರೀಕ್ಷೆ ಇನ್ನೂ ತಮಾಷೆ. ಇಂಗ್ಲಿಷಿನಲ್ಲಿ 1, ಎ, 2, ಬಿ ಎಂದು 13 ಮತ್ತು ಎಲ್‌ವರೆಗೆ ಹೋಗುತ್ತದೆ. ಕನ್ನಡದಲ್ಲಿ ಅ ಆ ಇ ಈ ಹಿಡಿದರೆ ಹನ್ನೆರಡನೆಯದು ಓ, ಲೆಕ್ಕ ಸರಿಹೋಗುತ್ತದೆ. ಹೋಗುತ್ತದೆಂದು ಖುಷಿಪಟ್ಟು ಹಾಕಬೇಡಿ. ಉ ಊ ಆದಮೇಲೆ ಋ ಇದೆಯೋ ಎ ಇದೆಯೋ ಎಂದು ಡಿಗ್ರಿ ಓದಿದವರೂ ಒಂದು ಕ್ಷಣ ನಿಲ್ಲುತ್ತಾರೆ. ನೀವೇ ಈಗ ಗಡಿಯಾರ ಹಿಡಿದು ಹೇಳಿ ನೋಡಿ. ವರ್ಣಮಾಲೆಯ ಕ್ರಮ ನಮಗೆ ಎಬಿಸಿಡಿಯಷ್ಟು ನಾಲಿಗೆ ತುದಿಯಲ್ಲಿಲ್ಲ. ಆ ಪರೀಕ್ಷೆಯನ್ನು ಕೈಬಿಡಿ ಎಂಬುದು ನನ್ನ ಸಲಹೆ. ಅಂಕಿಗಳು 1, 2, 3 ಇರಲಿ, ೧, ೨, ೩ ಬೇಡ. ಕನ್ನಡಾಭಿಮಾನ ನನಗೂ ಇದೆ, ಆದರೆ ಫೋನು ಒತ್ತಿ ಒತ್ತಿ ಜನರ ಬೆರಳಿಗೆ ರೂಢಿಯಾಗಿರುವುದು ಮೊದಲನೆಯವು.

ಪ್ರಾಣಿ ಹೆಸರಿನಲ್ಲಿ ನಿಯಮ ಮೊದಲೇ ಬರೆದಿಟ್ಟುಕೊಳ್ಳಿ. ಮಳವಳ್ಳಿ ಕಡೆಯ ರೈತರನ್ನು ಕೂರಿಸಿದರೆ ಹಸು, ಎತ್ತು, ಹೋರಿ, ಕರು, ಕಡಸು ಎಂದು ಹಟ್ಟಿಯಿಂದಲೇ ಶುರು. ಇವು ಒಂದೋ ಐದೋ? ಕುರಿ ಎಂದಮೇಲೆ ಬಂಡೂರು ಕುರಿ, ಟಗರು ಎಂದರೆ? ಹಕ್ಕಿ, ಮೀನು, ಹಾವು, ಸೊಳ್ಳೆ ಸೇರುತ್ತವೆಯೇ? ನಾನು ಹಕ್ಕಿ, ಮೀನು, ಹುಳ ಎಲ್ಲ ಒಪ್ಪುತ್ತೇನೆ, ಗಂಡು ಹೆಣ್ಣು ಮರಿಗೆ ಬೇರೆ ಹೆಸರಿದ್ದರೂ ಒಂದೇ ಎಣಿಸುತ್ತೇನೆ. ನೀವು ಬೇರೆ ನಿಯಮ ಇಟ್ಟುಕೊಳ್ಳಬಹುದು, ಆದರೆ ಮಂಡ್ಯದಲ್ಲಿ ಒಂದು, ಮೈಸೂರಿನಲ್ಲಿ ಒಂದು ಆಗಬಾರದು. ಎಣಿಕೆಯನ್ನು ಧ್ವನಿ ಗುರುತಿಸುವ ತಂತ್ರಾಂಶಕ್ಕೆ ಬಿಡಬೇಡಿ. ಹಲ್ಲು ಬಿದ್ದ ಬಾಯಿ, ನಮ್ಮ ಕಡೆಯ ಉಚ್ಚಾರ, ಓಪಿಡಿ ಗದ್ದಲ ಮೂರೂ ಸೇರಿದರೆ ಅದು ಸೋಲುತ್ತದೆ. ಪಕ್ಕದಲ್ಲಿ ಕೂತವರು ಒಂದೊಂದು ಹೆಸರಿಗೂ ಒಂದು ಗುಂಡಿ ಒತ್ತಲಿ, ಧ್ವನಿ ರೆಕಾರ್ಡ್ ಆಗಿರಲಿ, ಆಮೇಲೆ ಇನ್ನೊಬ್ಬರು ಕೇಳಿ ತಾಳೆ ನೋಡಲಿ.

ಸೂಚನೆಗಳು ಬರಹದಲ್ಲಷ್ಟೇ ಅಲ್ಲ, ಧ್ವನಿಯಲ್ಲೂ ಇರಲಿ. ಯಂತ್ರದ ಧ್ವನಿ ಬೇಡ, ಊರಿನವರೊಬ್ಬರು ನಿಧಾನವಾಗಿ ಹೇಳಿದ್ದು ಇರಲಿ. "ಸರಿಯಾದ ಆಯ್ಕೆಯನ್ನು ಸ್ಪರ್ಶಿಸಿ" ಎಂದು ಬರೆದವರ ಆ್ಯಪ್ ನೋಡಿದ್ದೇನೆ. "ಯಾವ ಬಣ್ಣ ಕಾಣ್ತದೋ ಆ ಗುಂಡಿ ಒತ್ತಿ" ಎಂದರೆ ಮುಗಿಯಿತು. ಮಾನಸಗಂಗೋತ್ರಿಯಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. ಕನ್ನಡದಲ್ಲಿ ಪರೀಕ್ಷೆ ಕಟ್ಟುವುದು ಹೇಗೆಂದು ಬಲ್ಲವರು ಇಷ್ಟು ಹತ್ತಿರದಲ್ಲಿರುವ ಊರು ಇನ್ನೊಂದಿಲ್ಲ, ಹೋಗಿ ಕೇಳಿ.

ಸಮಯ ಅಳೆಯುವುದು

ಇಲ್ಲಿ ನೀವು ನನಗಿಂತ ಬಲ್ಲವರು, ಆದರೂ ಒಂದು ಲೆಕ್ಕ ಕೊಡುತ್ತೇನೆ. ಸ್ಟ್ರೂಪ್‌ನಲ್ಲಿ ಐದು ಸುತ್ತು, ಹತ್ತು ಗುರುತು, ಎರಡು ಹಂತ: ಕಡಿಮೆಯೆಂದರೆ 100 ಸಲ ಒತ್ತಬೇಕು. ಅಗ್ಗದ ಫೋನು ಪ್ರತಿ ಒತ್ತಿಗೆ 0.1 ಸೆಕೆಂಡ್ ತಡ ಮಾಡಿದರೆ ಒಟ್ಟು 10 ಸೆಕೆಂಡ್ ರೋಗಿಯ ತಲೆಗೆ ಕಟ್ಟಿದಂತೆ. ಗಡಿಯ ಆಚೆ ಈಚೆ ಇರುವವರನ್ನು ಅಷ್ಟೇ ಸಾಕು ದಾಟಿಸಲು. ಆದ್ದರಿಂದ ಅಧ್ಯಯನ ಮುಗಿಯುವವರೆಗೆ ಒಂದೇ ಮಾದರಿಯ ಟ್ಯಾಬ್ಲೆಟ್ ಬಳಸಿ. ಟ್ಯಾಬ್ಲೆಟ್ ತೋರಿಸುವ ಗಂಟೆ ನಿಮಿಷದ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಡಿ, ನೆಟ್‌ವರ್ಕ್ ಬಂದಾಗ ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಹಿಂದೆ ಸರಿಯದ ಮೊನೊಟೋನಿಕ್ ಕ್ಲಾಕ್ ಬಳಸಿ. ಗುರುತು ನಿಜವಾಗಿ ಪರದೆಗೆ ಬಂದ ಫ್ರೇಮಿನಿಂದ ಎಣಿಕೆ ಶುರುವಾಗಲಿ, ಕೋಡ್ ಆಜ್ಞೆ ಕೊಟ್ಟ ಕ್ಷಣದಿಂದಲ್ಲ. ಬೆರಳು ತಗುಲಿದ ಕ್ಷಣವನ್ನು ಹಿಡಿಯಿರಿ, ಎತ್ತಿದ ಕ್ಷಣವನ್ನಲ್ಲ, ಯಾಕೆಂದರೆ ವಯಸ್ಸಾದವರು ಒತ್ತಿ ಹಿಡಿದುಕೊಳ್ಳುತ್ತಾರೆ. ಅನಿಮೇಷನ್ ಎಲ್ಲ ತೆಗೆಯಿರಿ.

ಕಣ್ಣಿಗೆ ಹಿತ ಎಂದು ಫೋನಿನವರು ಕೊಡುವ ನೈಟ್ ಲೈಟ್ ಆನ್ ಆಗಿದ್ದರೆ ನೀಲಿ ಬಣ್ಣ ಮಂಕಾಗುತ್ತದೆ. ಪರೀಕ್ಷೆಗೆ ಮುಂಚೆ ಅದನ್ನು ಆಫ್ ಮಾಡಿಸಿ, ಬ್ರೈಟ್‌ನೆಸ್ ಒಂದೇ ಮಟ್ಟಕ್ಕೆ ಕಟ್ಟಿ. ನಡುವೆ ಕರೆಯೋ ಮೆಸೇಜೋ ಬಂದರೆ ಆ ಸುತ್ತು ರದ್ದು. ಗುಂಡಿಗಳು ದೊಡ್ಡವಿರಲಿ; ಕಬ್ಬು ಕಡಿದು ಜಡ್ಡುಗಟ್ಟಿದ ಬೆರಳಿಗೆ ಪರದೆ ಬೇಗ ಓಗೊಡುವುದಿಲ್ಲ. ನಡುಗುವ ಕೈ ಒಂದರ ಬದಲು ಎರಡು ಸಲ ತಗುಲಬಹುದು, ಎರಡನೆಯದನ್ನು ತಪ್ಪೆಂದು ಎಣಿಸಬೇಡಿ.

ನೆಟ್ ಇಲ್ಲದೆಯೂ ಆ್ಯಪ್ ಪೂರ್ತಿ ನಡೆಯಬೇಕು. ಅದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ ಎಂದುಕೊಳ್ಳುತ್ತೇನೆ.

ನಮ್ಮವರ ಅಳತೆ

ಈ ಭಾಗಕ್ಕೆ ಬರುವ ಹೊತ್ತಿಗೆ ಹುಡುಗರು ಎದ್ದು ಹೋಗುತ್ತಾರೆ, ಯಾಕೆಂದರೆ ಇಲ್ಲಿ ಕೋಡ್ ಇಲ್ಲ, ಓಡಾಟ ಇದೆ. ನಿಮ್ಮ ಆ್ಯಪನ್ನು ಲಿವರ್ ಚೆನ್ನಾಗಿರುವ ನಮ್ಮ ಕಡೆಯ ಜನ ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತಾರೆ ಎಂಬುದು ಗೊತ್ತಾಗದೆ ರೋಗಿಯ ಅಂಕಕ್ಕೆ ಅರ್ಥವಿಲ್ಲ. ವಯಸ್ಸು, ಗಂಡು ಹೆಣ್ಣು, ಓದು, ಟಚ್‌ಸ್ಕ್ರೀನ್ ರೂಢಿ ಈ ನಾಲ್ಕರ ಪ್ರಕಾರ ಎಲ್ಲ ಬಗೆಯವರೂ ಸಿಗಬೇಕು. ಆಮೇಲೆ ರಿಗ್ರೆಶನ್ ಹಾಕಿ, ಇಂಥ ವಯಸ್ಸು ಇಂಥ ಓದಿನವರಿಂದ ಇಷ್ಟು ಸಮಯ ನಿರೀಕ್ಷಿಸಬಹುದು ಎಂದು ಲೆಕ್ಕ ತೆಗೆದು, ರೋಗಿ ಅದರಿಂದ ಎಷ್ಟು ದೂರ ಇದ್ದಾರೆ ನೋಡಿ.

ಸುಲಭಕ್ಕೆ ಸಿಗುತ್ತಾರೆಂದು ರೋಗಿಯ ಜೊತೆ ಬಂದವರನ್ನು ಕೂರಿಸಬೇಡಿ. ರಾತ್ರಿಯೆಲ್ಲ ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗಿ ನಿದ್ದೆಗೆಟ್ಟವರು ಅವರು; ಅವರ ನಿಧಾನವೇ ಆರೋಗ್ಯದ ಅಳತೆ ಆಗಿಬಿಟ್ಟರೆ ರೋಗಿಗಳೆಲ್ಲ ಪಾಸು. ಹಾಲಿನ ಡೈರಿ, ಸ್ತ್ರೀಶಕ್ತಿ ಸಂಘದ ಸಭೆ, ಹಳ್ಳಿಯ ಅರಳಿಕಟ್ಟೆಗೆ ಹೋಗಿ. ಕಾಲೇಜಿನ ಗೆಳೆಯರನ್ನು ಎಣಿಕೆಗೆ ಸೇರಿಸಲೇಬೇಡಿ. ನಿದ್ದೆ ಮಾತ್ರೆ ತಗೊಳ್ಳುವವರು, ಪಾರ್ಶ್ವವಾಯು ಆದವರು, ದಿನಾ ಕುಡಿಯುವವರು ಬೇಡ. "ಕುಡೀತೀರಾ" ಎಂದರೆ "ಅಯ್ಯೋ ಇಲ್ಲ ತಾಯಿ" ಎನ್ನುತ್ತಾರೆ. "ಕೊನೇ ಸಲ ಯಾವಾಗ ತಗೊಂಡ್ರಿ ಯಜಮಾನ್ರೇ" ಎಂದು ಸಲೀಸಾಗಿ ಕೇಳಿದರೆ "ಮೊನ್ನೆ ಮಾರಿಹಬ್ಬದಲ್ಲಿ" ಎಂದು ಬರುತ್ತದೆ.

ಎಲ್ಲರಿಗೂ ಲೆಕ್ಕಕ್ಕಿಲ್ಲದ ಅಭ್ಯಾಸದ ಸುತ್ತು ಮೊದಲು ಕೊಡಿ, ಅವರು ಸಾಕು ಎನ್ನುವವರೆಗೆ ಅಲ್ಲ, ಎಲ್ಲರಿಗೂ ಒಂದೇ ಸಂಖ್ಯೆ. ಕೆಲವು ದಿನ ಬಿಟ್ಟು ಒಂದಷ್ಟು ಜನರಿಗೆ ಎರಡನೇ ಸಲ ಮಾಡಿಸಿ. ಬರೀ ರೂಢಿಯಿಂದ ಎಷ್ಟು ಸೆಕೆಂಡ್ ಇಳಿಯುತ್ತದೆ ಎಂದು ಗೊತ್ತಿಲ್ಲದಿದ್ದರೆ ಮುಂದೆ ಔಷಧಿಯಿಂದ ಇಳಿಯಿತೋ ಆಟ ಕಲಿತು ಇಳಿಯಿತೋ ಹೇಳಲಾಗದು.

ಇದಾದಮೇಲೆ ರೋಗಿಗಳು. ಒಂದೇ ದಿನ ಆ್ಯಪ್, ಪೇಪರ್ ಪರೀಕ್ಷೆ ಎರಡನ್ನೂ ಮಾಡಿಸಿ, ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿದಂತೆ ಬದಲಿಸಿ. ಪೇಪರ್ ಪರೀಕ್ಷೆ ಮಾಡುವವರಿಗೆ ಆ್ಯಪಿನ ಅಂಕ ತಿಳಿದಿರಬಾರದು. ಸೋಡಿಯಂ ಇಳಿದಿದೆಯೇ, ಶುಗರ್ ಏರುಪೇರಾಗಿದೆಯೇ, ಸೋಂಕಿದೆಯೇ ಎಂದು ಡಾಕ್ಟರ್ ನೋಡಿರಬೇಕು, ಇವೆಲ್ಲವೂ ತಲೆ ಮಂಕು ಮಾಡುತ್ತವೆ. ಆಮೇಲೆ ತಿಂಗಳುಗಟ್ಟಲೆ ಹಿಂಬಾಲಿಸಿ: ಆ್ಯಪ್ ಅಪಾಯ ಎಂದವರಲ್ಲಿ ಆಸ್ಪತ್ರೆ ಸೇರಿದವರು ಹೆಚ್ಚಿದ್ದಾರೆಯೇ? ಒಂದು ಸೆಮಿಸ್ಟರಿನಲ್ಲಿ ಇದು ಆಗದ ಕೆಲಸ. ಆಗದ್ದನ್ನು ಆಗಿದೆ ಎಂದು ಬರೆಯಬೇಡಿ, "ಮಾದರಿ ತಯಾರಿದೆ, ತಾಳೆ ನೋಡಬೇಕಿದೆ" ಎಂದು ಬರೆದರೆ ನಾನು ಸಂತೋಷವಾಗಿ ಸಹಿ ಹಾಕುತ್ತೇನೆ.

ಒಬ್ಬರ ಮೇಲೂ ಪರೀಕ್ಷೆ ಮಾಡುವ ಮುಂಚೆ, ಆರೋಗ್ಯವಂತರಾದರೂ ಸರಿ, ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಓದಿ. ಹೆಬ್ಬೆಟ್ಟು ಒತ್ತುವವರಿಗೆ ನಿಮ್ಮ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಎದುರಿಗಿರಬೇಕು. ಆಧಾರ್ ಕೇಳಬೇಡಿ, ಕೆಲಸಕ್ಕೆ ಬೇಕಿಲ್ಲ; 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯನ್ನೂ ಓದಿಕೊಳ್ಳಿ. ರೋಗ ಪತ್ತೆಗೆಂದು ಮಾರುವ ತಂತ್ರಾಂಶ ಏಪ್ರಿಲ್ 2020ರಿಂದ ನಮ್ಮಲ್ಲಿ ವೈದ್ಯಕೀಯ ಸಾಧನದ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಪರವಾನಗಿಯ ದಾರಿಯೇ ಬೇರೆ.

ಫಲಿತಾಂಶ ಯಾರ ಕೈಗೆ

ರೋಗಿಯ ಪರದೆಯಲ್ಲಿ ಅಂಕ, ಕೆಂಪು ಗುರುತು, "ಫೇಲ್" ಯಾವುದೂ ಬೇಡ. ಅಂಕ ಡಾಕ್ಟರಿಗೆ ಹೋಗಲಿ. ಕಾರಣ ಮರ್ಯಾದೆಯದಷ್ಟೇ ಅಲ್ಲ. "ಅಪ್ಪನಿಗೆ ಬುದ್ಧಿ ಸ್ವಾಧೀನ ಇಲ್ಲ" ಎಂಬ ಪ್ರಿಂಟ್‌ಔಟ್ ಸಿಕ್ಕರೆ ಜಮೀನು ಪಾಲಿನ ಜಗಳದಲ್ಲಿ ಅದನ್ನು ಎತ್ತಿ ಹಿಡಿಯುವ ಮಗ ನಮ್ಮ ಜಿಲ್ಲೆಯಲ್ಲಿ ಸಿಕ್ಕೇ ಸಿಗುತ್ತಾನೆ. ಕವರ್ಟ್ ಹಂತ ಅಂದರೆ ಸಹಿ ಹಾಕುವ ಬುದ್ಧಿ ಹೋಗಿದೆ ಎಂದಲ್ಲ, ಆ್ಯಪ್ ಅದನ್ನು ಅಳೆಯುವುದೂ ಇಲ್ಲ. ವರದಿಯಲ್ಲಿ ಈ ಮಾತನ್ನು ಕನ್ನಡದಲ್ಲೇ ಅಚ್ಚು ಹಾಕಿ. ಗಾಡಿ ಓಡಿಸುವ ವಿಷಯ ಬೇರೆ: ಈ ಹಂತದವರಲ್ಲಿ ಚಾಲನೆ ಕೆಡುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಹಾಲಿನ ಟೆಂಪೋ ಓಡಿಸಿ ಮನೆ ನಡೆಸುವವರಿಗೆ ಇದನ್ನು ಫೋನು ಹೇಳಬಾರದು, ಎದುರಿಗೆ ಕೂತು ಡಾಕ್ಟರ್ ಹೇಳಬೇಕು.

ಆ್ಯಪಿನ ಮೊದಲ ಪರದೆ ಪರೀಕ್ಷೆ ಆಗಿರಬಾರದು. ವಾಂತಿಯಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಎಬ್ಬಿಸಿದರೂ ಏಳದ ಮಂಪರು, ಮನೆಯವರ ಗುರುತು ತಪ್ಪುವುದು ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ತೆರೆಯದೆ 108ಕ್ಕೆ ಕರೆ ಮಾಡುವ ಗುಂಡಿ ಬರಲಿ. ಅಲ್ಲೇ ಇನ್ನೊಂದು ಸಾಲು ಹಾಕಿದರೆ ಪುಣ್ಯ: ಲ್ಯಾಕ್ಟುಲೋಸ್ ಕೊಟ್ಟಿದ್ದರೆ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗಬೇಕು, ಭೇದಿ ಎಂದು ಹೆದರಿ ತಾವಾಗಿ ನಿಲ್ಲಿಸಬೇಡಿ, ಜಾಸ್ತಿ ಆದರೆ ಡಾಕ್ಟರಿಗೆ ಹೇಳಿ. ಬೇಳೆ, ಮೊಸರು, ಮೊಟ್ಟೆ ಬಿಡಿಸುವ ಹಳೆಯ ಪಥ್ಯವನ್ನು ಈಗಿನ ವೈದ್ಯರು ಒಪ್ಪುವುದಿಲ್ಲ ಎಂಬುದನ್ನೂ ಸೇರಿಸಿ. ಬರೀ ಗಂಜಿ ಕುಡಿದು ಸ್ನಾಯು ಕರಗಿದವರಿಗೆ ಅಮೋನಿಯಾ ಕಾಟ ಹೆಚ್ಚು.

ತಾಳೆ ನೋಡಿದ ಆವೃತ್ತಿಯನ್ನು ಬೀಗ ಹಾಕಿ ಇಡಿ. ಮರುವರ್ಷ ನಿಮ್ಮ ಜೂನಿಯರ್ ಬಂದು ಗುಂಡಿ ಚಂದ ಮಾಡಿ, ಫಾಂಟ್ ಬದಲಿಸಿ, ಎರಡು ಸೆಕೆಂಡಿನ ಅನಿಮೇಷನ್ ಸೇರಿಸಿದರೆ ಹಳೆಯ ಗಡಿಗಳೆಲ್ಲ ಸುಳ್ಳಾಗುತ್ತವೆ. ಹಾಗೆ ಬದಲಿಸಿದರೆ ಡೈರಿ ಮುಂದೆ ಮತ್ತೆ ಟ್ಯಾಬ್ಲೆಟ್ ಹಿಡಿದು ಕೂತು, ಹೊಸದರಲ್ಲೂ ಹಳೆಯದರಲ್ಲೂ ಒಂದೇ ಜನರಿಂದ ಮಾಡಿಸಿ, ಎಷ್ಟು ಸೆಕೆಂಡ್ ಕದಲಿದೆ ಎಂದು ಬರೆದುಕೊಂಡ ಮೇಲೆಯೇ ವಾರ್ಡಿಗೆ ತನ್ನಿ.